ಮಹಾವೀರಾಚಾರ್ಯನ ಕಂಠಾಭರಣ ಸಂಖ್ಯೆ: 12345654321

12345654321 ಹನ್ನೊಂದು ಅಂಕಗಳ ಬೆಸ ಪೂರ್ಣಸಂಖ್ಯೆ. ಓದುವುದು ಹೀಗೆ: ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಕನ್ನಡ ಅಂಕಿಗಳಲ್ಲಿ ೧೨೩೪೫೬೫೪೩೨೧. ಇದು 111111ರ ವರ್ಗ. ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುತ್ತದೆ. ಕ್ರಿ.ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯ ರಚಿಸಿದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕವೊಂದಕ್ಕೆ ಇದೇ ಉತ್ತರ. ಸೆಕೆಂಡಿಗೊಂದರಂತೆ ಬಿಡದೆ ಎಣಿಸುತ್ತ ಹೋದರೆ ಈ ಸಂಖ್ಯೆಯನ್ನು ಮುಟ್ಟಲು 391 ವರ್ಷ ಬೇಕು. ಅಂಕಗಳ ಚೆಲುವು ನೋಡಿದೊಡನೆ ಕಣ್ಣಿಗೆ ಬೀಳುತ್ತದೆ. ಆದರೆ ಇದರ ನಿಜವಾದ ಸಂಪತ್ತು ಅಪವರ್ತನಗಳಲ್ಲಿದೆ. ಈ ಲೇಖನ ಹೆಚ್ಚಾಗಿ ಅದನ್ನೇ ಕುರಿತದ್ದು. ಸಂಖ್ಯೆಗಳ ಏರಿಳಿತ ಕಾಣಲೆಂದು ಮುಂದೆ ಅಲ್ಪವಿರಾಮಗಳಿಲ್ಲದೆ ಬರೆಯಲಾಗಿದೆ.

ಗ್ರಂಥ ಮತ್ತು ನಾಡು

ಗಣಿತಸಾರಸಂಗ್ರಹದ ಭಾಷೆ ಸಂಸ್ಕೃತ. ಶ್ಲೋಕಗಳು ಸಾವಿರದ ನೂರನ್ನು ಮೀರುತ್ತವೆ. ಜಿನಸ್ತುತಿಯಿಂದ ಆರಂಭವಾಗಿ ಅಮೋಘವರ್ಷನ ಪ್ರಶಂಸೆಗೆ ಸಾಗುವ ಗ್ರಂಥ, ಬಳಿಕ ಅಳತೆಯ ಮಾನಗಳು, ಸ್ಥಾನಗಳ ಹೆಸರು, ಎಂಟು ಪರಿಕರ್ಮಗಳು, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ ಮತ್ತು ಮಿಶ್ರಣದ ಲೆಕ್ಕ, ಕ್ಷೇತ್ರ, ಅಗೆತ, ನೆರಳು ಎಂದು ಮುಂದುವರಿಯುತ್ತದೆ. ಗ್ರಹಗತಿಯ ಗೊಡವೆಗೆ ಹೋಗದೆ ಗಣಿತವನ್ನೇ ಗಣಿತಕ್ಕಾಗಿ ಹೇಳುವ ಕೃತಿ ಇದು.

ಅದೇ ಆಸ್ಥಾನದಲ್ಲಿ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ‘ಕವಿರಾಜಮಾರ್ಗ’ವೂ ಹುಟ್ಟಿತು. ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಅದು ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕೊಪಣವೆಂದರೆ ಇಂದಿನ ಕೊಪ್ಪಳ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ಮಹಾವೀರಾಚಾರ್ಯನನ್ನು ಕೊಪಣದವನೆಂದು ಹೇಳಲು ಆಧಾರವಿಲ್ಲ, ಹಾಗೆ ಹೇಳುವ ಅಗತ್ಯವೂ ಇಲ್ಲ. ಆದರೆ ಅವನ ಪುಸ್ತಕವನ್ನು ಓದಬಲ್ಲ ಜೈನ ವಿದ್ವಾಂಸರು ನೆಲೆಸಿದ್ದ ತೀರ್ಥಗಳಲ್ಲಿ ಕೊಪಣ ಮುಂಚೂಣಿಯದು. ಕೊಪ್ಪಳದ ಶಾಸನವೊಂದು ಶಕ 803ರಲ್ಲಿ, ಎಂದರೆ ಕ್ರಿ.ಶ. 881ರಲ್ಲಿ, ಕೊಂಡಕುಂದಾನ್ವಯದ ಸರ್ವನಂದಿ ಭಟಾರರು ಇಲ್ಲಿ ನೆಲೆಸಿ, ಊರಿಗೆ ಶಾಸ್ತ್ರದಾನ ಮಾಡಿ, ಸನ್ಯಸನದಿಂದ ಪ್ರಾಣ ಬಿಟ್ಟದ್ದನ್ನು ದಾಖಲಿಸುತ್ತದೆ. ಅಮೋಘವರ್ಷನ ಆಳ್ವಿಕೆ ಮುಗಿದು ಆಗ ಮೂರ್ನಾಲ್ಕು ವರ್ಷವಷ್ಟೇ ಆಗಿತ್ತು. ಗಣಿತಾನುಯೋಗವನ್ನು, ಎಂದರೆ ಗಣಿತದ ಅಭ್ಯಾಸವನ್ನು, ಧರ್ಮದ ಭಾಗವೆಂದೇ ಎಣಿಸಿದ ಜೈನ ಪರಂಪರೆಗೆ ದೊಡ್ಡ ಸಂಖ್ಯೆಗಳ ಮೇಲೆ ಇದ್ದ ಪ್ರೀತಿ ಈ ನೆಲಕ್ಕೆ ಹೊಸದಲ್ಲ.

ಮಹಾವೀರಾಚಾರ್ಯನ ಪಟ್ಟಿಯಲ್ಲಿ 24 ಸ್ಥಾನಗಳಿವೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ ಎಂದು ಹತ್ತು ಮೆಟ್ಟಿಲು ಏರಿದರೆ ಹನ್ನೊಂದನೆಯದು ಅರ್ಬುದ. ನಮ್ಮ ಸಂಖ್ಯೆಯ ತಲೆಯ ಒಂದು ಕೂತಿರುವುದು ಅಲ್ಲಿ. ನಡುವಿನ ಆರು ಲಕ್ಷದ ಸ್ಥಾನದಲ್ಲಿದೆ. ಪಟ್ಟಿ ಅಲ್ಲಿಂದಾಚೆಗೂ ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ ಎಂದು ಸಾಗಿ ಮಹಾಕ್ಷೋಭದಲ್ಲಿ, ಒಂದರ ಮುಂದೆ 23 ಸೊನ್ನೆಗಳಲ್ಲಿ, ನಿಲ್ಲುತ್ತದೆ.

ಲೆಕ್ಕ

ಗ್ರಂಥದ ಲೆಕ್ಕ ಸರಳವಾಗಿದೆ: 27994681ನ್ನು 441ರಿಂದ ಗುಣಿಸು. ನಾನೂರರಿಂದ ಗುಣಿಸಿದರೆ 11197872400, ನಲವತ್ತೊಂದರಿಂದ ಗುಣಿಸಿದರೆ 1147781921. ಎರಡನ್ನೂ ಕೂಡಿಸಿದಾಗ 12345654321. ಗುಣಿಸುವ ಎರಡೂ ಸಂಖ್ಯೆಗಳಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಕೂಡಿಸಿ ಗೆರೆ ಎಳೆದ ಮೇಲೆ ಮೊದಲ ಬಾರಿಗೆ ಕ್ರಮ ಎದ್ದು ಬರುತ್ತದೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆಯೆಂದೇ ಗ್ರಂಥಕಾರ ಇದನ್ನು ಬಣ್ಣಿಸುತ್ತಾನೆ.

ಇಂಥ ಲೆಕ್ಕಗಳ ಒಂದು ಗುಚ್ಛವೇ ಅಲ್ಲಿದೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. 333333666667ನ್ನು 33ರಿಂದ ಗುಣಿಸಿದರೆ 11000011000011. ದೊರೆಯ ಕೊರಳಿಗೆ ತೊಡಿಸುವ ಹಾರದಂತೆ ಎರಡೂ ತುದಿ ಸಮನಾಗಿರುವುದರಿಂದ ಇವಕ್ಕೆ ಕಂಠಾಭರಣವೆಂದು ಹೆಸರು. ಕಲಿಸುವವನಿಗೆ ಇವುಗಳ ಉಪಯೋಗ ದೊಡ್ಡದು. ಉತ್ತರ ಸರಿಯೋ ತಪ್ಪೋ ಎಂದು ಗುರುವನ್ನು ಕೇಳಬೇಕಿಲ್ಲ. ದಶಕವನ್ನು ಒಂದು ಕಡೆ ಮರೆತರೂ ಹಾರದ ಮಣಿ ಕೆಟ್ಟು ಹೋಗುತ್ತದೆ, ಹುಡುಗನಿಗೇ ಗೊತ್ತಾಗುತ್ತದೆ. ಮಗ್ಗಿಯನ್ನಷ್ಟೇ ಉರು ಹೊಡೆಸುವ ಪುಸ್ತಕಗಳ ನಡುವೆ ಇದು ಕಲಿಯುವವನ ಮೇಲೆ ವಿಶ್ವಾಸವಿಟ್ಟ ಲೆಕ್ಕ.

ಹಾರದ ರೂಪಕ್ಕೆ ಇನ್ನೊಂದು ಅನುಕೂಲವೂ ಇತ್ತು. ಅಂದಿನ ಶಾಸ್ತ್ರಗ್ರಂಥಗಳು ಅಂಕಗಳ ಬದಲಿಗೆ ಸಂಕೇತಪದಗಳನ್ನು ಬಳಸುತ್ತಿದ್ದವು: ಚಂದ್ರ ಎಂದರೆ 1, ನೇತ್ರ 2, ಅಗ್ನಿ 3, ಅಬ್ಧಿ 4, ಬಾಣ 5, ಋತು 6. ಪದಗಳನ್ನು ಏಕಸ್ಥಾನದಿಂದ ಆರಂಭಿಸಿ ಎಡಕ್ಕೆ ಇಡಬೇಕು ಎನ್ನುವುದು ರೂಢಿ. ಹೊಸಬರು ಎಡವುವುದೂ ಇಲ್ಲಿಯೇ. ಈ ಸಂಖ್ಯೆಯನ್ನು ಆ ಪದ್ಧತಿಯಲ್ಲಿ ಬರೆದರೆ ಯಾವ ತುದಿಯಿಂದ ಹಿಡಿದರೂ ಬೆಲೆ ಬದಲಾಗದು. ಹಿಂದುಮುಂದು ಒಂದೇ ಆಗಿ ಓದಿಸಿಕೊಳ್ಳುವ ಚಿತ್ರಕಾವ್ಯದ ಗತಪ್ರತ್ಯಾಗತ ಪದ್ಯವನ್ನು ಬಲ್ಲ ಓದುಗರಿಗೆ ಇದರ ಸೊಗಸು ಹೇಳಿಕೊಡಬೇಕಾಗಿರಲಿಲ್ಲ.

ಆರು ಒಂದುಗಳೇ ಏಕೆ

111111ನ್ನು ತನ್ನಿಂದಲೇ ಗುಣಿಸುವಾಗ ಆರು ಸಾಲುಗಳಲ್ಲಿ ಆರಾರು ಒಂದುಗಳನ್ನು ಬರೆಯುತ್ತೇವೆ, ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಸರಿಯುತ್ತದೆ. ಕೊನೆಯ ಕಂಬದಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ನಡುವೆ ಆರು, ಮತ್ತೆ ಆಚೆ ತುದಿಗೆ ಒಂದು. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕವಿಲ್ಲ. ಎಣಿಕೆಯೇ ಅಂಕವಾಗಿ ಕೆಳಗಿಳಿಯುತ್ತದೆ. ಅಂಕಗಳ ಮೊತ್ತ 36 ಆಗುವುದೂ ಇದರಿಂದಲೇ. ಅದು ಆರು ಸಾಲುಗಳ ಆರಾರು ಒಂದುಗಳ ಎಣಿಕೆ. ಎರಡು ಆರುಮುಖದ ದಾಳಗಳನ್ನು ಉರುಳಿಸಿದಾಗ 2ರಿಂದ 12ರವರೆಗಿನ ಮೊತ್ತಗಳು ಬೀಳುವ ಬಗೆಗಳೂ ಕ್ರಮವಾಗಿ 1, 2, 3, 4, 5, 6, 5, 4, 3, 2, 1. ಎರಡೂ ಕಡೆ ನಡೆಯುವುದು ಒಂದೇ ಕೂಡಿಕೆ.

ಇದೇ ಕ್ರಮದಲ್ಲಿ ಐದು ಒಂದುಗಳ ವರ್ಗ 123454321, ಏಳರದು 1234567654321. ಮೂರೂ ನೋಟಕ್ಕೆ ಅಣ್ಣತಮ್ಮಂದಿರು. ಒಳಗೆ ಇಣುಕಿದರೆ ಅಜಗಜಾಂತರ. 11111ರ ಅವಿಭಾಜ್ಯ ಅಪವರ್ತನಗಳು ಎರಡೇ, 41 ಮತ್ತು 271. 1111111ಕ್ಕೂ ಎರಡೇ, 239 ಮತ್ತು 4649. ನಡುವಿನ 111111ಕ್ಕೆ ಐದು: 3, 7, 11, 13, 37. ಕಾರಣ ಆರು ಎಂಬ ಎಣಿಕೆಯಲ್ಲಿದೆ. ಆರನ್ನು ಎರಡೆರಡಾಗಿಯೂ ಮೂರುಮೂರಾಗಿಯೂ ಕಟ್ಟಬಹುದು. ಆದ್ದರಿಂದ ಆರು ಒಂದುಗಳನ್ನು 11 ಭಾಗಿಸುತ್ತದೆ, 111 ಭಾಗಿಸುತ್ತದೆ, ಎರಡನ್ನೂ ತೆಗೆದ ಮೇಲೆ 91 ಉಳಿಯುತ್ತದೆ. 111 ಎಂದರೆ 3 × 37. 91 ಎಂದರೆ 7 × 13. ಐದು ಮತ್ತು ಏಳು ಅವಿಭಾಜ್ಯಗಳಾದ್ದರಿಂದ ಅಲ್ಲಿ ಇಂಥ ಗುಂಪು ಕಟ್ಟಲು ಬರುವುದಿಲ್ಲ.

ಮಹಾವೀರಾಚಾರ್ಯ ಆರನ್ನು ಆರಿಸಿಕೊಂಡದ್ದು ಆಕಸ್ಮಿಕವೆಂದು ನಂಬುವುದು ಕಷ್ಟ. ಅವನು ಕೊಟ್ಟ ಗುಣಕ 441 ಎಂದರೆ 21ರ ವರ್ಗ, 3 ಮತ್ತು 7ನ್ನು ಸೇರಿಸಿ ಕಟ್ಟಿದ್ದು. 27994681 ಎಂದರೆ 5291ರ ವರ್ಗ, ಉಳಿದ 11, 13, 37ರಿಂದ ಕಟ್ಟಿದ್ದು. ಹೀಗೆ ಐದು ಅವಿಭಾಜ್ಯಗಳನ್ನು ಎರಡು ಪಾಲು ಮಾಡಿ, ಎರಡೂ ಪಾಲು ವರ್ಗಗಳಾಗಿರುವಂತೆ ಈ ಸಂಖ್ಯೆಯನ್ನು 16 ಬಗೆಯಲ್ಲಿ ಒಡೆಯಬಹುದು, 1ನ್ನು ಒಂದು ಪಾಲೆಂದು ಎಣಿಸಿದರೆ. ಆ ಹದಿನಾರರಲ್ಲಿ ಒಂದನ್ನು ಅವನು ಲೆಕ್ಕಕ್ಕೆ ಇಳಿಸಿದ. ಐದು ಒಂದುಗಳನ್ನು ಹಿಡಿದಿದ್ದರೆ, 1 ಒಂದು ಪಾಲಾಗುವುದನ್ನು ಬಿಟ್ಟು, 1681 × 73441 ಎಂಬ ಒಂದೇ ದಾರಿ ಸಿಗುತ್ತಿತ್ತು. ಉತ್ತರವನ್ನು ಮೊದಲು ಇಟ್ಟುಕೊಂಡು ಅದನ್ನು ಕಳಚಿ ಪ್ರಶ್ನೆ ಹೆಣೆದವನು ಅಪವರ್ತನವನ್ನು ಕೈಯಳತೆಯಲ್ಲಿ ಬಲ್ಲವನೇ ಆಗಿರಬೇಕು.

ವರ್ಗೀಕರಣ

ಸಂಖ್ಯಾಸಿದ್ಧಾಂತದ ರೂಢಿಯ ವರ್ಗಗಳಲ್ಲಿ 12345654321ರ ಸ್ಥಾನ ಹೀಗಿದೆ. ಅದು ಬೆಸ, ಸಂಯುಕ್ತ, ಪೂರ್ಣವರ್ಗ. ಅದನ್ನು ಭಾಗಿಸುವ ಪ್ರತಿ ಅವಿಭಾಜ್ಯದ ವರ್ಗವೂ ಅದನ್ನು ಭಾಗಿಸುತ್ತದೆ. ಐದು ಅವಿಭಾಜ್ಯಗಳಿಗೂ ಘಾತ 0, 1, 2 ಎಂಬ ಮೂರು ಆಯ್ಕೆ ಇರುವುದರಿಂದ ಭಾಜಕಗಳು 243. ಅದಕ್ಕಿಂತ ಚಿಕ್ಕದಾಗಿದ್ದು ಅದರೊಡನೆ 1ರ ಹೊರತು ಬೇರೆ ಸಾಮಾನ್ಯ ಭಾಜಕವಿಲ್ಲದ ಸಂಖ್ಯೆಗಳ ಎಣಿಕೆ 5759994240. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ. ರಾ. ಕಾಪ್ರೇಕರ್ (1905–1986) 121, 12321 ಮುಂತಾದ ಈ ಸಾಲನ್ನು ಮತ್ತು ಅದರ ಬಂಧುಗಳನ್ನು ಬಹುಕಾಲ ಅಭ್ಯಾಸ ಮಾಡಿ ‘ಡೆಮ್ಲೊ ಸಂಖ್ಯೆ’ಗಳೆಂದು ಕರೆದರು, ಡೆಮ್ಲೊ ಮುಂಬಯಿ ಬಳಿಯ ರೈಲು ನಿಲ್ದಾಣ, ಇಂದಿನ ಡೊಂಬಿವಲಿ. ತನ್ನ ಅಂಕಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗೆ ಹರ್ಷದ ಸಂಖ್ಯೆ ಎಂದು ಹೆಸರಿಟ್ಟವರೂ ಅವರೇ. ನಮ್ಮ ಸಂಖ್ಯೆ ಆ ಪಂಗಡಕ್ಕೆ ಸೇರುವುದಿಲ್ಲ, ಏಕೆಂದರೆ ಮೊತ್ತ 36 ಸಮ, ಸಂಖ್ಯೆ ಬೆಸ.

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಭಾಜಕಗಳ ಮೊತ್ತ. ಸಂಖ್ಯೆಯೊಂದರ ಭಾಜಕಗಳನ್ನು, ಅದನ್ನೇ ಬಿಟ್ಟು, ಕೂಡಿಸಿದಾಗ ಬರುವ ಮೊತ್ತ ಅದಕ್ಕೆ ಸಮವಾದರೆ ಪರಿಪೂರ್ಣ ಸಂಖ್ಯೆ, ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಸಮೃದ್ಧ ಎನ್ನುತ್ತಾರೆ. 6 ಮತ್ತು 28 ಪರಿಪೂರ್ಣ. ಬೆಸ ಸಂಖ್ಯೆಗಳಲ್ಲಿ ಬಹುಪಾಲು ನ್ಯೂನ. ಸಮೃದ್ಧವಾದ ಅತಿ ಚಿಕ್ಕ ಬೆಸ ಸಂಖ್ಯೆ 945. 12345654321ರ ಎಲ್ಲ ಭಾಜಕಗಳ ಮೊತ್ತವನ್ನು ಐದು ಆವರಣಗಳ ಗುಣಲಬ್ಧವಾಗಿ ಬರೆಯಬಹುದು: (1 + 3 + 9), (1 + 7 + 49), (1 + 11 + 121), (1 + 13 + 169), (1 + 37 + 1369). ಎಂದರೆ 13 × 57 × 133 × 183 × 1407, ಇದು 25375524993. ಸಂಖ್ಯೆಯನ್ನೇ ಕಳೆದರೆ 13029870672 ಉಳಿಯುತ್ತದೆ. ಅದು 12345654321ಕ್ಕಿಂತ ದೊಡ್ಡದು. ಆದ್ದರಿಂದ ಇದು ಬೆಸ ಸಮೃದ್ಧ ಸಂಖ್ಯೆ.

37ನ್ನು ಪೂರ್ತಿ ತೆಗೆದುಹಾಕಿ ಉಳಿದ ನಾಲ್ಕು ಅವಿಭಾಜ್ಯಗಳನ್ನಷ್ಟೇ ಇಟ್ಟುಕೊಂಡರೆ 3003ರ ವರ್ಗ, 9018009, ಸಿಗುತ್ತದೆ. ಇದರ ಭಾಜಕಗಳ ಒಟ್ಟು ಮೊತ್ತ 18035199. ಪರಿಪೂರ್ಣವಾಗಲು ಬೇಕಾದದ್ದು 18036018. ತೊಂಬತ್ತು ಲಕ್ಷದ ಸಂಖ್ಯೆಯೊಂದು ಪರಿಪೂರ್ಣತೆಯಿಂದ ಕೇವಲ 819ರಷ್ಟು ಹಿಂದೆ ನಿಂತಿದೆ. ಫ್ರಾನ್ಸಿನ ರೆನೆ ಡೆಕಾರ್ಟ್ 1638ರಲ್ಲಿ ಹಿಡಿದದ್ದು ಈ ಎಳೆಯನ್ನೇ. ಅವನು 9018009ನ್ನು 22021ರಿಂದ ಗುಣಿಸಿ 198585576189 ಎಂಬ ಸಂಖ್ಯೆಯನ್ನು ಮುಂದಿಟ್ಟ. 22021 ಅವಿಭಾಜ್ಯವಾಗಿದ್ದರೆ ಈ ಗುಣಲಬ್ಧ ಬೆಸ ಪರಿಪೂರ್ಣ ಸಂಖ್ಯೆಯೇ ಆಗಿಬಿಡುತ್ತಿತ್ತು: 18035199 ಎಂದರೆ ಸರಿಯಾಗಿ 819 × 22021, ಮತ್ತು 819 × 22022 ಎಂದರೆ 18036018. ಆದರೆ 22021 ಅವಿಭಾಜ್ಯವಲ್ಲ, ಅದು 19 × 19 × 61. ಡೆಕಾರ್ಟನ ಸಂಖ್ಯೆ ಗಣಿತದಲ್ಲಿ ‘ಹುಸಿ ಬೆಸ ಪರಿಪೂರ್ಣ ಸಂಖ್ಯೆ’ಯಾಗಿ ಉಳಿದುಕೊಂಡಿತು. ನಿಜವಾದ ಬೆಸ ಪರಿಪೂರ್ಣ ಸಂಖ್ಯೆ ಇದುವರೆಗೆ ಒಂದೂ ಸಿಕ್ಕಿಲ್ಲ. ಇದ್ದರೆ ಅದು 1ರ ಮುಂದೆ 1500 ಸೊನ್ನೆ ಇಟ್ಟ ಸಂಖ್ಯೆಗಿಂತ ದೊಡ್ಡದಾಗಿರಬೇಕೆಂದು 2012ರಲ್ಲಿ ಓಶೆಂ ಮತ್ತು ರಾವ್ ಸಾಧಿಸಿದರು.

ನೃಪತುಂಗನ ಕಾಲದ ಕಂಠಾಭರಣವೂ ಡೆಕಾರ್ಟನ ಸಂಖ್ಯೆಯೂ 3, 7, 11, 13ರ ವರ್ಗಗಳೆಂಬ ಒಂದೇ ತಳಪಾಯದ ಮೇಲೆ ನಿಂತಿವೆ. ಒಂದರ ಮೇಲೆ 37ರ ವರ್ಗ, ಇನ್ನೊಂದರ ಮೇಲೆ 22021. ಒಬ್ಬರಿಂದ ಒಬ್ಬರಿಗೆ ಏನೂ ಹರಿದು ಬಂದಿಲ್ಲ. ಎಂಟು ಶತಮಾನಗಳ ಅಂತರದಲ್ಲಿ ಇಬ್ಬರೂ ತಲುಪಿದ್ದು 1001 ಎಂಬ ಗುಣಲಬ್ಧದ, ಎಂದರೆ 7 × 11 × 13ರ, ಔದಾರ್ಯವನ್ನು. ಒಬ್ಬನಿಗೆ ಅದು ಅಂಕಗಳ ಅಂದದ ದಾರಿಯಲ್ಲಿ ಸಿಕ್ಕಿತು, ಇನ್ನೊಬ್ಬನಿಗೆ ಭಾಜಕಗಳ ದಾರಿಯಲ್ಲಿ. ತಳಪಾಯ 819ರ ಕೊರತೆಯಲ್ಲಿ ನಿಂತಿರುವುದರಿಂದ ಅದರ ಮೇಲೆ ಸ್ವಲ್ಪ ಭಾರ ಬಿದ್ದರೂ ಸಮೃದ್ಧಿಯತ್ತ ವಾಲುತ್ತದೆ. 37ರಿಂದ ಒಮ್ಮೆ ಮಾತ್ರ ಗುಣಿಸಿದರೆ ಸಾಕು, 333666333 ಬರುತ್ತದೆ. ಅದೂ ಸಮೃದ್ಧವೇ, ಅದೂ ಹಿಂದುಮುಂದು ಒಂದೇ.

ನಾಲ್ಕು ಆಯತಗಳು

ಪೂರ್ಣವರ್ಗವನ್ನು ಎರಡು ವರ್ಗಗಳ ಮೊತ್ತವಾಗಿ ಒಡೆಯುವುದೆಂದರೆ ಪೂರ್ಣಾಂಕ ಬಾಹುಗಳ ಆಯತ ಕಟ್ಟುವುದು. 111111ನ್ನು ಕರ್ಣವಾಗಿ ಇಟ್ಟುಕೊಂಡು ಎಷ್ಟು ಆಯತ ಕಟ್ಟಬಹುದು ಎಂಬ ಪ್ರಶ್ನೆಗೆ ಉತ್ತರವನ್ನು ಅಪವರ್ತನಗಳೇ ಹೇಳುತ್ತವೆ. ನಾಲ್ಕರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯಗಳು ಮಾತ್ರ ಇಲ್ಲಿ ಕೆಲಸಕ್ಕೆ ಬರುತ್ತವೆ, ಅವು 13 ಮತ್ತು 37. ಮಿಕ್ಕ 3, 7, 11 ಸೇರಿ 231 ಆಗಿ ಬರೀ ಅಳತೆಯನ್ನು ಹಿಗ್ಗಿಸುತ್ತವೆ. 13 × 37, ಎಂದರೆ 481, ಕರ್ಣವಾಗಿರುವ ಆಯತಗಳು ನಾಲ್ಕು: 31 ಮತ್ತು 480, 319 ಮತ್ತು 360, 156 ಮತ್ತು 455, 185 ಮತ್ತು 444. ಪ್ರತಿಯೊಂದನ್ನೂ 231ರಿಂದ ಗುಣಿಸಿದರೆ 12345654321 ನಾಲ್ಕು ಬಗೆಯಲ್ಲಿ ಎರಡು ವರ್ಗಗಳ ಮೊತ್ತವಾಗುತ್ತದೆ. ಬಾಹುಗಳು 7161 ಮತ್ತು 110880. 73689 ಮತ್ತು 83160. 36036 ಮತ್ತು 105105. 42735 ಮತ್ತು 102564.

ಈ ವಿದ್ಯೆ ಗಣಿತಸಾರಸಂಗ್ರಹಕ್ಕೆ ಅಪರಿಚಿತವಲ್ಲ. ಬೀಜಸಂಖ್ಯೆಗಳಿಂದ ಲಂಬಕೋನದ ಆಕೃತಿಗಳನ್ನು ಹುಟ್ಟಿಸುವ ‘ಜನ್ಯ’ ಪ್ರಕರಣದಲ್ಲಿ, ಕರ್ಣ 65 ಇರುವ ನಾಲ್ಕು ಆಯತಗಳನ್ನು ಮಹಾವೀರಾಚಾರ್ಯ ಲೆಕ್ಕ ಹಾಕಿ ತೋರಿಸುತ್ತಾನೆ: 39 ಮತ್ತು 52, 25 ಮತ್ತು 60, 33 ಮತ್ತು 56, 16 ಮತ್ತು 63. ಅಲ್ಲಿಯೂ ನಾಲ್ಕೇ ಬರಲು ಕಾರಣ 65 ಎಂದರೆ 5 × 13 ಆಗಿರುವುದು, ಎರಡೂ ನಾಲ್ಕರಿಂದ ಭಾಗಿಸಿದರೆ 1 ಉಳಿಸುವ ಅವಿಭಾಜ್ಯಗಳು. ಗುಣಾಕಾರದ ಅಧ್ಯಾಯದ ಹಾರವನ್ನೂ ಕ್ಷೇತ್ರಗಣಿತದ ಈ ಆಯತಗಳನ್ನೂ ಒಟ್ಟಿಗೆ ಇಟ್ಟು ಓದಿದರೆ ಗ್ರಂಥದ ಆಳ ಹೆಚ್ಚು ತಿಳಿಯುತ್ತದೆ.

ಹರಡಿಕೆ

ಮಹಾವೀರಾಚಾರ್ಯನ ಗ್ರಂಥ ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಹೋಯಿತು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ನೇರವಾಗಿ ನಮ್ಮ ನುಡಿಯಲ್ಲೇ ಬರೆದ. 1912ರಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹದ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಗಣಿತ ಚರಿತ್ರಕಾರರ ಕಣ್ಣು ಇದರ ಮೇಲೆ ಬಿತ್ತು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಹೊರಬಂತು. ಹೈಸ್ಕೂಲಿನ ಅಪವರ್ತನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇರೆ ಕಡೆ ಹುಡುಕಬೇಕಿಲ್ಲ, ಆದರೂ ನಮ್ಮ ಪಠ್ಯಗಳಲ್ಲಿ ಇದು ಕಾಣುವುದು ಅಪರೂಪ.

ಏರಿಳಿತದ ಈ ಸಾಲು ದಶಮಾನ ಪದ್ಧತಿಯಲ್ಲಿ ಒಂಬತ್ತು ಒಂದುಗಳವರೆಗೆ ನಡೆಯುತ್ತದೆ. 111111111ರ ವರ್ಗ 12345678987654321. ಹತ್ತು ಒಂದುಗಳಿಗೆ ಬಂದಾಗ ನಡುವಿನ ಕಂಬದಲ್ಲಿ ಹತ್ತು ಸೇರಿ ದಶಕ ಏರುತ್ತದೆ, ವರ್ಗ 1234567900987654321 ಆಗಿ ಸಮತೋಲ ತಪ್ಪುತ್ತದೆ. ಆರು ಒಂದುಗಳ ವರ್ಗಕ್ಕಾದರೋ ದಶಮಾನದ ಹಂಗೂ ಇಲ್ಲ. ಆರಕ್ಕಿಂತ ದೊಡ್ಡ ಯಾವ ಆಧಾರದಲ್ಲಿ ಬರೆದರೂ 111111ರ ವರ್ಗ 12345654321 ಎಂದೇ ಬರುತ್ತದೆ, ಬೆಲೆ ಮಾತ್ರ ಬೇರೆ. ಏಳನ್ನು ಆಧಾರವಾಗಿ ಹಿಡಿದರೆ 111111 ಎಂದರೆ ನಮ್ಮ 19608, ಅದರ ವರ್ಗ 384473664. ಏಳರ ಪದ್ಧತಿಯಲ್ಲಿರುವ ಅತಿ ದೊಡ್ಡ ಅಂಕವೇ 6 ಆದ್ದರಿಂದ, ಅಲ್ಲಿ ದಶಕವಿಲ್ಲದೆ ಏರಿ ಇಳಿಯುವ ಈ ಸಾಲಿನ ಕೊನೆಯ ಸಂಖ್ಯೆ ಇದೇ.